ಮೇ ತಿಂಗಳಲ್ಲಿ ಪಾಸಾದ ಬಂದೂಕು

೨೦೨೩ರ ಫೆಬ್ರುವರಿಯಲ್ಲಿ ನಾನು ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಸಣ್ಣ ಊರೊಂದರ ಬೇಟೆ ಬಂದೂಕಿನ ಕಾರ್ಖಾನೆಯಲ್ಲಿ ಟೆಸ್ಟ್ ಎಂಜಿನಿಯರ್ ಆಗಿದ್ದೆ. ಅದಕ್ಕೂ ಮೊದಲು ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಬ್ರೇಕುಗಳ ಎಲೆಕ್ಟ್ರಾನಿಕ್ಸ್ ಪರೀಕ್ಷಿಸುತ್ತ ಬಹಳ ವರ್ಷ ಕಳೆದಿದ್ದೆ. ಆ ವಿಭಾಗ ಕುಗ್ಗತೊಡಗಿದಾಗ ಸಿಕ್ಕ ಕೆಲಸ ಇದು. ಧಾರವಾಡದಲ್ಲಿರುವ ನಮ್ಮವರಿಗೆ ನಾನು ‘ಮೆಷಿನ್ ಕಂಪನಿ’ ಎಂದಷ್ಟೇ ಹೇಳಿದ್ದೆ. ಮಗಳು ಮಾತ್ರ ಬಿಡಲಿಲ್ಲ. “ಮಾಮಾ, ಬೌಸ್ಟ್ ದು ವಾಫೆನ್?” ಎಂದು ಊಟದ ಮೇಜಿನಲ್ಲಿ ಕೇಳಿದಳು, ಅಮ್ಮಾ, ನೀನು ಬಂದೂಕು ಮಾಡುತ್ತೀಯಾ ಎಂದು ಜರ್ಮನ್ ಭಾಷೆಯಲ್ಲಿ. ಮಾಡುವುದಿಲ್ಲ, ಅವು ತಾವಾಗಿಯೇ ಸಿಡಿಯದಂತೆ ನೋಡಿಕೊಳ್ಳುತ್ತೇನೆ ಎಂದೆ. ಅವಳಿಗೆ ಆ ಉತ್ತರ ಅಷ್ಟೇನೂ ಹಿಡಿಸಲಿಲ್ಲ.

ಕಾರ್ಖಾನೆಯ ಒಡತಿ ಫ್ರಾವ್, ಅಂದರೆ ಶ್ರೀಮತಿ, ಲಿಂಡ್ನರ್. ಅಜ್ಜನಿಂದ ಬಂದ ಉದ್ಯಮ, ನಲವತ್ತೈದು ಜನ ಕೆಲಸಗಾರರು. ದುಬಾರಿ ಬೇಟೆ ಬಂದೂಕುಗಳ ಮಾರಾಟ ಇಳಿದಿತ್ತು. ಅದಕ್ಕಾಗಿ ಅವರು ಒಂದು ಹೊಸ ಪ್ರಯತ್ನಕ್ಕೆ ಕೈ ಹಾಕಿದ್ದರು: ಪಾಯಿಂಟ್ ಟೂ ಟೂ ಎಂಬ ಸಣ್ಣ ಗುಂಡಿನ, ಹಗುರವಾದ, ಅಗ್ಗದ ‘ಸರ್ವೈವಲ್ ರೈಫಲ್’. ಉತ್ತರದ ಹಿಮಪ್ರದೇಶಗಳಲ್ಲಿ ಚಿಕ್ಕ ವಿಮಾನ ಹಾರಿಸುವವರು, ಕಾಡಿನ ಕಾವಲಿನವರು ಇದನ್ನು ಸೀಟಿನ ಹಿಂದೆ ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಎಲ್ಲಿಯಾದರೂ ಸಿಕ್ಕಿಬಿದ್ದರೆ ಜೋಡಿಸಿ, ಒಂದು ಮೊಲವನ್ನೋ ಹಕ್ಕಿಯನ್ನೋ ಹೊಡೆದು ಹೊಟ್ಟೆ ತುಂಬಿಸಿಕೊಳ್ಳಬಹುದು. ತೂಕ ಒಂದೂಕಾಲು ಕಿಲೋ ದಾಟಬಾರದು ಎಂಬುದು ಒಡತಿಯ ಹಟ. ಹಾಗಾಗಿ ಟ್ರಿಗರ್ ಕೂರುವ ಪೆಟ್ಟಿಗೆಯನ್ನು ಉಕ್ಕಿನ ಬದಲು ಪ್ಲಾಸ್ಟಿಕ್ಕಿನಲ್ಲಿ ಮಾಡಲಾಗಿತ್ತು.

ಅದರ ವಿನ್ಯಾಸ ಮಾಡಿದವನು ಇಮ್ತಿಯಾಜ್. ಹುಬ್ಬಳ್ಳಿಯ ಹುಡುಗ, ಜರ್ಮನಿಯದೇ ಆಖನ್ ಊರಿನಲ್ಲಿ ಓದಿದವನು. ಇಲ್ಲಿಯ ಕನ್ನಡಿಗರ ಯುಗಾದಿ ಕೂಟದಲ್ಲಿ ಪರಿಚಯವಾಗಿ, ನಾನೇ ಅವನ ಹೆಸರನ್ನು ಫ್ರಾವ್ ಲಿಂಡ್ನರ್ ಅವರಿಗೆ ಹೇಳಿದ್ದೆ. ಇಡೀ ಕಾರ್ಖಾನೆಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಮಧ್ಯಾಹ್ನ ಒಟ್ಟಿಗೇ ಡಬ್ಬಿ ಬಿಚ್ಚುತ್ತಿದ್ದೆವು.

ನನ್ನ ಪಾಲಿಗೆ ಬಂದದ್ದು ಡ್ರಾಪ್ ಟೆಸ್ಟ್. ಮದ್ದು, ಸೀಸ ಏನೂ ಇಲ್ಲದೆ, ಸಿಡಿಯುವ ಪ್ರೈಮರ್ ಮಾತ್ರ ಇರುವ ಖಾಲಿ ತೋಟಾ ಹಾಕಿ, ನಾನೇ ಜೋಡಿಸಿದ ಬಂದೂಕನ್ನು ಎದೆಯ ಎತ್ತರದಿಂದ ಬೇರೆ ಬೇರೆ ಭಂಗಿಯಲ್ಲಿ ಬೀಳಿಸುವುದು. ಯಾರೂ ಟ್ರಿಗರ್ ಎಳೆಯದೆ ‘ಟಪ್’ ಎಂದರೆ ಅದು ಫೇಲು. ಆ ಚಳಿಗಾಲದಲ್ಲಿ ಗ್ಯಾಸಿನ ಬೆಲೆ ಏರಿದ್ದರಿಂದ ನಾನು ಪರೀಕ್ಷೆ ನಡೆಸುವ ಹಿಂದಿನ ಶೆಡ್ಡಿಗೆ ಹೀಟಿಂಗ್ ನಿಲ್ಲಿಸಿದ್ದರು. ಮೊದಲ ಮೂರು ಬಂದೂಕುಗಳಲ್ಲಿ ಒಂದು, ಹಿಂಬದಿಯ ಮೇಲೆ ಬಿದ್ದಾಗ ಸಿಡಿಯಿತು.

ಇಮ್ತಿಯಾಜ್ ಅದನ್ನು ಬಿಚ್ಚಿ ಒಂದು ವಾರ ಅಳೆದ. ನೋಡ್ತೀನ್ರಿ ಎಂದಷ್ಟೇ ಹೇಳಿ ಹೋದ. ಮೇ ತಿಂಗಳಲ್ಲಿ ಹೊಸ ಬಂದೂಕುಗಳು ಬಂದವು. ಎಲ್ಲವನ್ನೂ ಬೀಳಿಸಿದೆ. ತಲೆಕೆಳಗಾಗಿ, ಅಡ್ಡಡ್ಡ, ಹಿಂಬದಿಯ ಮೇಲೆ. ಒಂದೂ ಸಿಡಿಯಲಿಲ್ಲ.

ಖುಷಿಪಡಬೇಕಿತ್ತು. ನನಗೆ ಅನುಮಾನ ಬಂತು. ಡ್ರಾಯಿಂಗ್ ತೆಗೆದು ನೋಡಿದರೆ ಒಂದು ಗೆರೆಯೂ ಬದಲಾಗಿಲ್ಲ. ಪ್ಲಾಸ್ಟಿಕ್ ಅದೇ, ಪೂರೈಸುವವರೂ ಅವರೇ. ಔಷಧವನ್ನೇ ಕೊಡದೆ ಜ್ವರ ಹೇಗೆ ಇಳಿಯಿತು? ಬ್ರೇಕಿನ ಕೆಲಸದಲ್ಲಿ ಇಂಥದ್ದನ್ನು ನಾನು ಕಂಡಿದ್ದೆ. ಪರೀಕ್ಷೆಗೆಂದೇ ಕೆಲವು ಭಾಗಗಳನ್ನು ಕೈಯಲ್ಲಿ ಉಜ್ಜಿ, ನೇರ್ಪು ಮಾಡಿ ಕಳಿಸುತ್ತಾರೆ. ಪರೀಕ್ಷೆ ಪಾಸಾಗುತ್ತದೆ, ಅಂಗಡಿಗೆ ಹೋಗುವುದು ಬೇರೆಯದೇ.

ಅನುಮಾನ ಬಂದ ಮೇಲೆ ಎಲ್ಲವೂ ಸಾಕ್ಷಿಯಂತೆಯೇ ಕಾಣುತ್ತದೆ. ಇಮ್ತಿಯಾಜ್ ಊಟಕ್ಕೆ ಬರುವುದನ್ನು ನಿಲ್ಲಿಸಿದ್ದ. ನಾನು ಹತ್ತಿರ ಹೋದರೆ ಕಂಪ್ಯೂಟರಿನ ಪರದೆ ಬದಲಿಸುತ್ತಿದ್ದ. ಎರಡು ಸಲ ಅವನೂ ಫ್ರಾವ್ ಲಿಂಡ್ನರ್ ಅವರೂ ಬಾಗಿಲು ಹಾಕಿಕೊಂಡು ಮಾತಾಡುವುದನ್ನು ಕಂಡೆ. ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ಅವನ ಬ್ಲೂ ಕಾರ್ಡ್, ಅಂದರೆ ಇಲ್ಲಿ ಇರುವ ಪರವಾನಗಿ, ಈ ಕೆಲಸದ ಮೇಲೆಯೇ ನಿಂತಿದೆ ಎಂದು ನನಗೆ ಗೊತ್ತಿತ್ತು. ಒಡತಿ ಹೇಳಿದ್ದನ್ನು ಅವನು ಮಾಡಿಕೊಟ್ಟಿದ್ದಾನೆ ಎಂದು ನಾನು ತೀರ್ಮಾನಿಸಿಯೇ ಬಿಟ್ಟೆ.

ಜೂನ್ ಮೊದಲ ವಾರ ಫ್ರಾವ್ ಲಿಂಡ್ನರ್ ನನ್ನನ್ನು ಕರೆದರು. “ನಿಮ್ಮ ಸಹಿ ಬಿದ್ದರೆ ಪ್ಲಾಸ್ಟಿಕ್ಕಿನ ಅಚ್ಚಿಗೆ ಆರ್ಡರ್ ಕೊಡುತ್ತೇನೆ. ಇನ್ನೇಕೆ ತಡ?”

“ಯಾಕೆ ಪಾಸಾಯಿತು ಅಂತ ಗೊತ್ತಾಗುವವರೆಗೆ ಸಹಿ ಹಾಕಲಾರೆ” ಎಂದೆ.

ಅವರು ಕನ್ನಡಕ ತೆಗೆದಿಟ್ಟರು. “ಫೇಲಾದದ್ದು ಯಾಕೆ ಎಂದು ಕೇಳುವವರನ್ನು ಕಂಡಿದ್ದೇನೆ. ಪಾಸಾದದ್ದು ಯಾಕೆ ಎಂದು ಕೇಳಿದವರು ನೀವೇ ಮೊದಲು.” ನಗುತ್ತಾ ಹೇಳಿದರೋ ಸಿಟ್ಟಿನಲ್ಲೋ ತಿಳಿಯಲಿಲ್ಲ. ಶುಕ್ರವಾರದವರೆಗೆ ಗಡುವು ಕೊಟ್ಟರು.

ಆ ಮಧ್ಯಾಹ್ನ ಇಮ್ತಿಯಾಜನನ್ನು ಪಾರ್ಕಿಂಗ್ ಹತ್ತಿರ ತಡೆದು ನಿಲ್ಲಿಸಿದೆ.

“ಖರೇ ಹೇಳು. ಡ್ರಾಯಿಂಗ್ ಬದಲಾಗಿಲ್ಲ, ಪಾರ್ಟ್ ಬದಲಾಗಿಲ್ಲ. ಮತ್ತ ಪಾಸ್ ಹೆಂಗಾತು? ಏನರ ಉಜ್ಜಿ ಕೊಟ್ಟೀಯೇನು?”

ಅವನ ಮುಖ ಕೆಂಪೇರಿತು. “ನಾ ಏನೂ ಮಾಡಿಲ್ರಿ ಅಕ್ಕಾರ. ನಿಮ್ಮ ಮ್ಯಾಲ ಡೌಟ್ ಇದ್ದದ್ದು ನನಗರಿ.”

“ನನ್ನ ಮ್ಯಾಲ?”

“ಹೂಂ ರಿ. ಬಂದೂಕು ಬಿಚ್ಚಿ ನೋಡಿದೆ, ಎಲ್ಲಾ ಅಳತಿ ಬರೋಬರಿ ಇತ್ತು. ಅವತ್ತು ಅಸೆಂಬಲ್ ಮಾಡಿದವ್ರು ನೀವು. ದಪ್ಪನ್ನ ಗ್ಲೌಸ್ ಹಾಕ್ಕೊಂಡು ಮಾಡಿದ್ರಿ, ನಾ ನೋಡೀನಿ. ಇಷ್ಟಿಷ್ಟೇ ಪಿನ್ನು, ಗ್ಲೌಸಿನ್ಯಾಗ ಹೆಂಗ ಕೂಡ್ತಾವ್ರಿ? ಮೇಡಮ್ಮಗೂ ಅದನ್ನ ಹೇಳೀನಿ. ನಿಮ್ಮ ಮುಂದ ಹ್ಯಾಂಗ ಹೇಳ್ಲಿ? ನನ್ನ ಇಲ್ಲಿಗೆ ತಂದವ್ರೇ ನೀವು.”

ಸಿಟ್ಟು ನೆತ್ತಿಗೇರಿತು. ಮೇ ತಿಂಗಳಿಂದ ನಾನು ಅವನನ್ನು ಕಳ್ಳನೆಂದುಕೊಂಡೆ, ಫೆಬ್ರುವರಿಯಿಂದಲೇ ಅವನು ನನ್ನನ್ನು ಕೈಲಾಗದವಳೆಂದುಕೊಂಡ. ಬಯ್ಯಲು ಬಾಯಿ ತೆರೆದೆ. “ಗ್ಲೌಸ್ ಹಾಕ್ಕೊಳ್ಳದ ಏನ್ ಮಾಡ್ಲಿ? ಶೆಡ್ಡಿನ್ಯಾಗ ಬೆರಳು ಸೆಟದು ಹೋಗಿದ್ದವು…”

ಮಾತು ಅಲ್ಲಿಗೇ ನಿಂತಿತು. ಅವನೂ ನನ್ನನ್ನೇ ನೋಡುತ್ತಿದ್ದ.

“ಚಳಿ ರೀ ಅಕ್ಕಾರ” ಎಂದ ಮೆಲ್ಲಗೆ.

ಫೆಬ್ರುವರಿಯಲ್ಲಿ ಶೆಡ್ಡು ಕೊರೆಯುತ್ತಿತ್ತು. ಮೇ ತಿಂಗಳಲ್ಲಿ ಬಾಗಿಲು ತೆರೆದಿಟ್ಟು, ಅಂಗಿಯ ತೋಳು ಮಡಚಿ ಕೆಲಸ ಮಾಡಿದ್ದೆವು. ಬಂದೂಕು ಬದಲಾಗಿರಲಿಲ್ಲ, ಹವೆ ಬದಲಾಗಿತ್ತು. ಚಳಿಯ ಪರೀಕ್ಷೆ ಯೋಜನೆಯಲ್ಲಿ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು. ಆದರೆ ಪ್ಲಾಸ್ಟಿಕ್ ಪೂರೈಸಿದವರು ಅದು ಎಂಥ ಚಳಿಗೂ ಒಡೆಯುವುದಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರಿಂದ ಆ ಪರೀಕ್ಷೆಯನ್ನು ಕಟ್ಟಕಡೆಗೆ ತಳ್ಳಿದ್ದರು. ಅದು ಒಡೆಯುವುದಿಲ್ಲ ನಿಜ. ಕುಗ್ಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಮ್ಮಲ್ಲಿ ಶೀತಲ ಕೋಣೆ ಇರಲಿಲ್ಲ. ಫ್ರಾವ್ ಲಿಂಡ್ನರ್ ಸ್ವತಃ ಬೇಟೆಗಾರ್ತಿ. ಮಾಂಸ ಇಡುವ ದೊಡ್ಡ ಫ್ರೀಜರ್ ಒಂದು ಅವರ ಮನೆಯ ನೆಲಮಾಳಿಗೆಯಲ್ಲಿತ್ತು. ತೋಟಾ ಇಲ್ಲದ ಎರಡು ಬಂದೂಕುಗಳನ್ನು ಕಾಡುಹಂದಿಯ ಮಾಂಸದ ಪೊಟ್ಟಣಗಳ ನಡುವೆ ಇಡುವಾಗ ಲಿಂಗಾಯತಳಾದ ನಾನೂ, ಮುಸ್ಲಿಮನಾದ ಇಮ್ತಿಯಾಜನೂ ಒಟ್ಟಿಗೇ ಮುಖ ತಿರುಗಿಸಿದೆವು. ಎಷ್ಟೋ ದಿನಗಳ ಮೇಲೆ ಇಬ್ಬರಿಗೂ ನಗು ಬಂತು. ಆದರೂ ಒಬ್ಬರ ಮೇಲೊಬ್ಬರಿಗೆ ಪೂರ್ತಿ ನಂಬಿಕೆ ಮರಳಿರಲಿಲ್ಲ. ಬಂದೂಕು ಜೋಡಿಸುವಾಗ ಅವನು ನನ್ನ ಕೈ ನೋಡುತ್ತಿದ್ದ, ನಾನು ಅವನ ಕೈ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಒಂದನ್ನು ಹೊರತೆಗೆದು, ಖಾಲಿ ತೋಟಾ ಹಾಕಿ, ಒಡತಿಯ ಎದುರಿಗೇ ಬೀಳಿಸಿದೆವು. ಮೊದಲ ಬಾರಿಗೇ ಟಪ್ ಎಂದಿತು. ಇನ್ನೊಂದನ್ನು ತಂದೆವು. ಅದೂ ಸಿಡಿಯಿತು. ತೋಟಾಕ್ಕೆ ಬಡಿಯುವ ಹ್ಯಾಮರನ್ನು ತಡೆದು ಹಿಡಿಯುವ ಅಂಚು, ಪ್ಲಾಸ್ಟಿಕ್ ಕುಗ್ಗಿದಾಗ ಕೂದಲೆಳೆಯಷ್ಟು ಜಾರುತ್ತಿತ್ತು. ಮೇಜಿನ ಮೇಲೆ ಅರ್ಧ ಗಂಟೆ ಇಟ್ಟರೆ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಅದಕ್ಕೇ ಇಮ್ತಿಯಾಜ್ ಬೆಚ್ಚಗಿನ ಕೋಣೆಯಲ್ಲಿ ಅಳೆದಾಗ ಅಳತೆ ಸರಿಯಾಗಿದ್ದದ್ದು.

ಫ್ರಾವ್ ಲಿಂಡ್ನರ್ ಬಂದೂಕನ್ನು ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: “ಈ ಬಂದೂಕನ್ನು ಕೊಳ್ಳುವವರು ಹಿಮದಲ್ಲಿ ನಡೆಯುವವರು. ಜಾರಿ ಬೀಳುವವರು.”

ಟ್ರಿಗರಿನ ಸುತ್ತ ತೆಳುವಾದ ಉಕ್ಕಿನ ಚೌಕಟ್ಟು ಬಂತು. ತೂಕ ಒಂದೂಕಾಲು ಕಿಲೋ ದಾಟಿತು, ಬೆಲೆ ಏರಿತು. ಹಗುರವಾದದ್ದೇ ಬೇಕೆಂದಿದ್ದ ದೊಡ್ಡ ಗಿರಾಕಿಯೊಬ್ಬರು ಬೇರೆ ಕಡೆ ಹೋದರು. ಬಂದೂಕು ಮುಂದಿನ ವರ್ಷ ಹೊರಬಂತು. ಈಗ ಸಾಧಾರಣವಾಗಿ ಮಾರಾಟವಾಗುತ್ತಿದೆ, ಅಷ್ಟೆ. ಇಮ್ತಿಯಾಜ್ ರೆನ್ನಿಂಗೆನ್‌ನಲ್ಲಿ ಸಂಶೋಧನೆಯ ಕೆಲಸ ಹಿಡಿದ. ಅವನು ಬದಲಿಸುತ್ತಿದ್ದ ಪರದೆಯ ಹಿಂದೆ ಇದ್ದದ್ದು ಆ ಕೆಲಸದ ಅರ್ಜಿ. ನನ್ನ ಜೊತೆ ಇನ್ನು ಕೆಲಸ ಮಾಡಲಾಗದು ಎಂದು ಆಗಲೇ ನಿರ್ಧರಿಸಿದ್ದನಂತೆ. ಹೋಗುವ ದಿನ ಅದನ್ನು ಅವನೇ ಹೇಳಿದ.

ಅನುಮಾನ ಪಡುವುದೇ ನನ್ನ ಉದ್ಯೋಗ, ಅದಕ್ಕೇ ಸಂಬಳ ಕೊಡುತ್ತಾರೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡ ಅನುಮಾನ ಮನುಷ್ಯರನ್ನು ತಿನ್ನುತ್ತದೆ. ಬಾಯಿಬಿಟ್ಟು ಹೇಳಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಇಮ್ತಿಯಾಜ್ ನನ್ನ ಮೇಲೆ ಹೊರಿಸಿದ ಆರೋಪದ ಒಳಗೇ ನಮಗೆ ಬೇಕಾದ ಉತ್ತರ ಇತ್ತು. ಇಬ್ಬರೂ ಮರ್ಯಾದೆಗೆ ಅಂಜಿ ಅದನ್ನು ಬೇಸಿಗೆಯವರೆಗೆ ಮುಚ್ಚಿಟ್ಟಿದ್ದೆವು. ಈಗ ಯಾವ ಪರೀಕ್ಷೆ ಫೇಲಾದರೂ, ಪಾಸಾದರೂ, ನನ್ನ ತಂಡವನ್ನು ಕೂರಿಸಿಕೊಂಡು ಕೇಳುತ್ತೇನೆ: ನಿಮಗೆ ಯಾರ ಮೇಲೆ ಅನುಮಾನ, ಇಲ್ಲೇ ಹೇಳಿ. ಹೊಸಬರು ಮುಜುಗರದಿಂದ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ನನ್ನಿಂದಲೇ ಶುರು ಮಾಡಿ ಎನ್ನುತ್ತೇನೆ.