ಬಹರೇನಿನಲ್ಲಿ ಸಿಕ್ಕ ಸವಣೂರಿನ ಮಗಳು

“ಸವಣೂರಿನ ಮೂರೂ ದೊಡ್ಡ ಹುಣಸಿ ಗಿಡಾ ಹಂಗ ಅದಾವೇನ್ರಿ?”

ಬಹರೇನಿನ ಮರುಭೂಮಿಯಲ್ಲಿ ಹಿಂದಿನಿಂದ ಈ ಮಾತು ಕೇಳಿ ಬೆಚ್ಚಿದೆ. ಬುರ್ಖಾ ಧರಿಸಿದ ಹೆಂಗಸೊಬ್ಬಳು ಯಾರದೋ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಮಗಳ ಮನೆಗೆಂದು ಹೋಗಿದ್ದ ನನಗೆ, ಎತ್ತ ಹೋದರೂ ಸಮುದ್ರವೇ ಅಡ್ಡ ಬರುವ ಆ ಪುಟ್ಟ ದೇಶದಲ್ಲಿ ಒಂದೆಡೆ ಕೂರಲಾಗದ ಚಡಪಡಿಕೆ. ಮರಳಿನ ನಡುವೆ ಒಂಟಿಯಾಗಿ ನಿಂತ ಅಲ್ಲಿನ ಪ್ರಸಿದ್ಧ ಮರವನ್ನು ಮಗಳು ತೋರಿಸಿದಾಗಲೂ, ನಮ್ಮ ಸವಣೂರಿನ ದೊಡ್ಡ ಹುಣಸೆ ಎನ್ನುವ ಆನೆಗಾತ್ರದ ಬಾವೋಬಾಬ್ ಮರಗಳ ಮುಂದೆ ಇದೇನು ಎಂದು ಅವಳಿಗೆ ಗೊಣಗಿದ್ದೆ. ಅದು ಈ ಬುರ್ಖಾದ ಹೆಂಗಸಿನ ಕಿವಿಗೆ ಬಿದ್ದಿತ್ತು.

“ಒಂದು ಮಳೀಗೆ ಬಿದ್ದಿತ್ತವ್ವಾ. ಎತ್ತಿ ಮತ್ತ ನೆಟ್ಟಾರ, ಚಿಗತೈತಿ” ಎಂದೆ.

ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. “ಖರೇನ ಚಿಗತೈತೇನ್ರಿ? ಅದರ ಬಾಜೂಕ ನಮ್ಮ ತವರಮನಿ. ಇಲ್ಲಿಗೆ ಬಂದಾಕಿ ಹೊಳ್ಳಿ ಹೋಗೇ ಇಲ್ರಿ” ಎನ್ನುವಷ್ಟರಲ್ಲಿ ಮಗುವಿನ ಮನೆಯವರು ಕಾರಿನಿಂದ ಕೂಗಿದರು. ಹೆಸರು ಕೇಳುವ ಮೊದಲೇ ಆಕೆ ಓಡಿದಳು.

ಊರಿಗೆ ಮರಳಿದ ಮೇಲೆ ಆ ಮರದ ಸುತ್ತಲಿನ ಓಣಿಗಳಲ್ಲಿ, ಬಹರೇನಿಗೆ ಹೋದ ಮಗಳು ಯಾರ ಮನೆಯವಳು ಎಂದು ಕೇಳುತ್ತ ತಿರುಗುತ್ತಿದ್ದೇನೆ. ಇನ್ನೂ ಗೊತ್ತಾಗಿಲ್ಲ. ಅವಳನ್ನು ನೋಡಿ ಬಂದೆ ಎಂದು ಅವರವ್ವನಿಗೆ ಹೇಳುವವರೆಗೆ ನನಗೆ ಸಮಾಧಾನವಿಲ್ಲ.