ಜಗಳದ ಪ್ಲೇಟಿಗೆ ಅರಿಶಿನ ಕುಂಕುಮ

ನಾನು ಕೇಳಿದ ಮೊದಲ ಗ್ರಾಮಫೋನು ಪ್ಲೇಟು ಯಾವುದೆಂದು ನನ್ನನ್ನು ಕೇಳಬೇಡಿ. ಒಂದೊಂದು ಸಲ ಒಂದೊಂದು ಹೇಳಿದ್ದೇನೆ, ಹೇಳುವಾಗಲೆಲ್ಲ ನಂಬಿಯೇ ಹೇಳಿದ್ದೇನೆ. ಸೋದರಮಾವ ಬೆಂಗಳೂರಿನ ದಂಡು ಪ್ರದೇಶದಿಂದ ಗೋಣಿತಾಟಿನಲ್ಲಿ ಸುತ್ತಿ ತಂದ ಕಟ್ಟಿನಲ್ಲಿ ಅದು ಇತ್ತು ಎಂಬುದಷ್ಟು ಸರಿ. ಆಗ ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಮಾವ ಇದ್ದಿಲು ಗ್ಯಾಸಿನ ಬಸ್ಸು ಓಡಿಸುತ್ತಿದ್ದ. ಬೆಂಗಳೂರಿನಿಂದ ಕೊರಟಗೆರೆ, ಅಲ್ಲಿಂದ ನಮ್ಮ ಮಧುಗಿರಿ, ಕೆಲವು ದಿನ ಮುಂದಕ್ಕೆ ಪಾವಗಡ. ದಂಡಿನ ಸಿಪಾಯಿಗಳು ಊರು ಬಿಡುವಾಗ ಹೊರಲಾರದೆ ಬಿಟ್ಟದ್ದೆಲ್ಲ ಗುಜರಿಗೆ ಬರುತ್ತಿತ್ತಂತೆ. ಬೂಟು, ಕನ್ನಡಿ, ಕಾಲು ಮುರಿದ ಕುರ್ಚಿ, ಅವುಗಳ ನಡುವೆ ಈ ಕರಿಯ ಪ್ಲೇಟುಗಳು. ಮಾವನಿಗೆ ಆರಿಸುವುದು ತಿಳಿಯದು. ಒಡೆಯದೆ ಇದ್ದದ್ದನ್ನೆಲ್ಲ ತರುತ್ತಿದ್ದ.

ಮನೆಯಲ್ಲಿ ಗ್ರಾಮಫೋನು ಮೊದಲೇ ಇತ್ತು, ಅಪ್ಪನ ನಾಟಕದ ಹಾಡುಗಳಿಗಾಗಿ. ಹಾರ್ಮೋನಿಯಂ ಮುಂದೆ ಹೋಗುತ್ತದೆ, ಹಾಡುವವನು ಹಿಂದೆ ಬರುತ್ತಾನೆ, ತಬಲ ಇಬ್ಬರನ್ನೂ ಕಾಯುತ್ತದೆ. ನನ್ನ ಕಿವಿ ಅಷ್ಟಕ್ಕೆ ಒಗ್ಗಿತ್ತು. ದಂಡಿನ ಪ್ಲೇಟಿನಲ್ಲಿ ಯಾರೂ ಯಾರನ್ನೂ ಕಾಯುತ್ತಿರಲಿಲ್ಲ. ಕಹಳೆ ಒಂದು ಕಡೆ, ಕ್ಲಾರಿಯೋನೆಟ್ ಇನ್ನೊಂದು ಕಡೆ, ಕೆಳಗೆಲ್ಲೋ ಹೊಟ್ಟೆಗೆ ತಾಗುವಂತೆ ಗುಂಯ್ ಎನ್ನುವ ಯಾವುದೋ ತಂತಿ. ಎಲ್ಲರೂ ಅವರವರ ದಾರಿ ಹಿಡಿದು ಓಡುತ್ತಾರೆ, ಆದರೂ ತಿರುವಿನಲ್ಲಿ ಒಟ್ಟಿಗೇ ಬಂದು ನಿಲ್ಲುತ್ತಾರೆ. ಹೇಗೆ ನಿಲ್ಲುತ್ತಾರೆ ಎಂದು ಹಿಡಿಯಲು ಮತ್ತೆ ಹಾಕುತ್ತಿದ್ದೆ. ಹಿಡಿಯಲು ಆಗುತ್ತಿರಲಿಲ್ಲ. ಮತ್ತೆ ಹಾಕುತ್ತಿದ್ದೆ.

“ಇದೇನೇ, ಎಲ್ಲಾರೂ ಒಟ್ಗೇ ಮಾತಾಡ್ತಾವ್ರೆ,” ಎಂದಳು ಅವ್ವ. “ಒಬ್ರಾದ್ರೂ ಕೇಳ್ತಾವ್ರಾ?”

ಅದು ಜಾಝ್ ಎಂಬ ಹೆಸರಿನದೆಂದು ನನಗೆ ಆಮೇಲೆ ಎಷ್ಟೋ ಕಾಲಕ್ಕೆ ತಿಳಿಯಿತು. ಪ್ಲೇಟಿನ ನಡುವಿನ ಕಾಗದದ ಮೇಲಿನ ಇಂಗ್ಲಿಷನ್ನು ಯಾರೋ ಉಗುರಿನಲ್ಲಿ ಕೆರೆದಿರುತ್ತಿದ್ದರು, ಇಲ್ಲವೆ ಕಾಗದ ಎಣ್ಣೆ ಹೀರಿ ಅಕ್ಷರ ಹೋಗಿರುತ್ತಿತ್ತು. ನಾನೇ ಹೆಸರಿಟ್ಟೆ. ಮೆಟ್ಟಿಲು ಇಳಿಯುವ ಪ್ಲೇಟು. ಹುಳಿ ಪ್ಲೇಟು, ಅದನ್ನು ಕೇಳಿದರೆ ಹಲ್ಲು ಜುಂ ಎನ್ನುತ್ತಿತ್ತು. ಗಂಟಲು ಕಟ್ಟಿದ ಹೆಂಗಸಿನ ಪ್ಲೇಟು, ಅದರಲ್ಲಿ ಹೆಂಗಸೇ ಇರಲಿಲ್ಲ, ಯಾವುದೋ ಊದುವ ವಾದ್ಯ ಆ ದನಿಯಲ್ಲಿ ಮಾತಾಡುತ್ತಿತ್ತು. ಮತ್ತೆ ಜಗಳದ ಪ್ಲೇಟು. ಅದರಲ್ಲಿ ಎಲ್ಲ ವಾದ್ಯಗಳೂ ಮೊದಲ ಕ್ಷಣದಿಂದಲೇ ಒಂದರ ಮೇಲೊಂದು ಬೀಳುತ್ತವೆ. ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಏನೂ ಇಲ್ಲ. ಪ್ಲೇಟು ತಿರುಗುವ ಕರಕರ ಮಾತ್ರ. ಆಮೇಲೆ ಒಂದೇ ಒಂದು ಕ್ಲಾರಿಯೋನೆಟ್, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹಾಡಿಕೊಳ್ಳುವವರ ಹಾಗೆ.

ಆ ಖಾಲಿ ಜಾಗಕ್ಕಾಗಿಯೇ ಅದನ್ನು ಹಾಕುತ್ತಿದ್ದೆ ಎಂದು ಬರೆಯಲು ಹೊರಟೆ. ಸುಳ್ಳಿರಬಹುದು. ಮುಂದೆ ನಡೆದದ್ದರಿಂದ ಆ ಜಾಗ ನನ್ನ ತಲೆಯಲ್ಲಿ ದೊಡ್ಡದಾಗಿರಬಹುದು.

ಸೂಜಿಗೆ ಬರ ಬಂದಿತ್ತು. ಜಾಲಿ ಮುಳ್ಳನ್ನು ಒಣಗಿಸಿ, ಕತ್ತರಿಸಿ, ಸೂಜಿಯ ಜಾಗಕ್ಕೆ ಸಿಕ್ಕಿಸುತ್ತಿದ್ದೆ. ದನಿ ಸಣ್ಣಗೆ ಬರುತ್ತಿತ್ತು. ಪ್ಲೇಟು ಸವೆಯುವುದಿಲ್ಲ, ಪಕ್ಕದ ಮನೆಗೂ ಕೇಳುವುದಿಲ್ಲ. ಬೇಸಿಗೆಯಲ್ಲಿ ನಮ್ಮೂರ ಬಂಡೆಯ ಬಿಸಿಗೆ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುವುದರಿಂದ ಅವನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಹೂತಿಡುತ್ತಿದ್ದೆ. ರಾಗಿ ತೆಗೆಯಲು ಬಂದ ಅವ್ವನ ಕೈಗೆ ಸಿಕ್ಕರೆ ಬೈಗುಳ. ಬೈಸಿಕೊಂಡು ಬೇರೆ ಮೂಲೆಗೆ ಹೂಳುತ್ತಿದ್ದೆ.

ಆಗ ಶಿರಾದ ಗಂಡು ಬಂತು. ಹೆಣ್ಣು ನೋಡುವ ದಿನ ಗಂಡಿನ ತಾಯಿ ನನ್ನನ್ನು ನೋಡಿ ಮುಗಿಸಿ ಮೂಲೆಯಲ್ಲಿದ್ದ ಗ್ರಾಮಫೋನು ನೋಡಿದರು. ಮಾವ ಹುರುಪಿನಿಂದ, “ನಮ್ಮ ಹುಡುಗಿಗೆ ಅದಂದ್ರೆ ಪ್ರಾಣ ಕಣವ್ವ,” ಎಂದುಬಿಟ್ಟ.

“ಹೆಣ್ಣು ಬರ್ಲಿ,” ಎಂದರು ಅವರು. “ಆ ಪೆಟ್ಟಿಗೆ ಬ್ಯಾಡ. ನಮ್ಮನೇಲಿ ಮಾತಾಡೋರು ಸಾಕಷ್ಟು ಅವ್ರೆ.”

ಅಪ್ಪ ಹೂಂ ಎಂದ. ಎಲ್ಲರಿಗೂ ಅದು ಸಣ್ಣ ಮಾತು. ನನಗೆ ಅಂದಿನಿಂದ ಕೂತಲ್ಲಿ ಕೂರಲು ಆಗಲಿಲ್ಲ. ಮದುವೆ ಬೇಡವೆನ್ನಲು ಅದು ಕಾರಣವಾಗದು, ಯಾರ ಬಾಯಲ್ಲಿ ಅದನ್ನು ಹೇಳಿಸಲಿ? ಪ್ಲೇಟುಗಳನ್ನು ಒಂದೊಂದಾಗಿ ಹಾಕಿ, ಅರ್ಧಕ್ಕೇ ಎತ್ತಿ, ಇನ್ನೊಂದು ಹಾಕುತ್ತಿದ್ದೆ. ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು ಹೋಗುವ ಹವಣಿಕೆ. ತುಂಬಲಿಲ್ಲ, ಒಂದರೊಳಗೊಂದು ಕಲಸಿಹೋದವು.

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ವಾಲಗದವರು ಕೊರಟಗೆರೆಯಿಂದ ಬೆಳಗಿನ ಬಸ್ಸಿಗೆ ಬರಬೇಕು. ಮಾವ ಮದುವೆಗೆಂದು ರಜೆ ಹಾಕಿದ್ದ, ಬಸ್ಸು ಬೇರೆಯವನ ಕೈಯಲ್ಲಿತ್ತು. ಅದು ಬರಲಿಲ್ಲ. ದಿಬ್ಬದಲ್ಲಿ ಗ್ಯಾಸು ಏಳದೆ ನಿಂತಿದೆ ಎಂದು ಸೈಕಲ್ಲಿನಲ್ಲಿ ಬಂದವರೊಬ್ಬರು ಹೇಳಿದರು.

“ನಾನೋಡ್ಸಿದ್ರೆ ಬರ್ತಿತ್ತು,” ಎಂದ ಮಾವ.

“ಓಡ್ಸು ಹೋಗು, ಯಾರು ಬ್ಯಾಡ ಅಂದೋರು,” ಎಂದ ಅಪ್ಪ.

ಪುರೋಹಿತರು ಮುಹೂರ್ತ ಮೀರುತ್ತದೆ ಎನ್ನುತ್ತಿದ್ದಾರೆ. ವಾಲಗವಿಲ್ಲದೆ ತಾಳಿ ಕಟ್ಟುವಂತಿಲ್ಲ. ತಾಳಿ ಕಟ್ಟುವ ಗಳಿಗೆಗೆ ಡೋಲು, ನಾಗಸ್ವರ ಕಿವಿ ಒಡೆಯುವಂತೆ ಬಾರಿಸಬೇಕು. ಅದೇ ಗಟ್ಟಿಮೇಳ. ಯಾರಾದರೂ ಸೀನಿದರೆ, ಹಲ್ಲಿ ಲೊಚಗುಟ್ಟಿದರೆ, ಯಾರ ಬಾಯಿಂದಲಾದರೂ ಕೆಟ್ಟ ಮಾತು ಬಂದರೆ ಅದು ಗಂಡು ಹೆಣ್ಣಿನ ಕಿವಿಗೆ ಬೀಳಬಾರದು, ಅದಕ್ಕೆ. ಜಾಗಟೆ ತರೋಣ ಎಂದರು ಒಬ್ಬರು. ಜಾಗಟೆ ಸಾವಿನ ಮನೆಗೂ ಹೋಗುತ್ತದಲ್ಲ ಎಂದರು ಇನ್ನೊಬ್ಬರು. ಆಗ ಗಂಡಿನ ತಾಯಿ, ಅದೇ ನನ್ನ ಅತ್ತೆ, “ಆ ಪೆಟ್ಟಿಗೇನಾದ್ರೂ ತಿರುಗಿಸ್ರಪ್ಪ, ಏನೋ ಒಂದು ಗದ್ದಲ ಆಗ್ಲಿ,” ಎಂದರು.

ಮಾವ ಓಡಿದ. ಎಲ್ಲಿಂದಲೋ ಒಂದು ಹೊಸ ಉಕ್ಕಿನ ಸೂಜಿ ತಂದು ಸಿಕ್ಕಿಸಿದ, ಕೀ ಕೊಟ್ಟ, ಮನೆಯಲ್ಲಿದ್ದ ಪ್ಲೇಟುಗಳಲ್ಲೆಲ್ಲ ಗದ್ದಲದ್ದನ್ನೇ ಆರಿಸಿದ. ಪುರೋಹಿತರು ಗಟ್ಟಿಮೇಳ ಎಂದು ಕೈಯೆತ್ತಿದರು.

ಜಗಳದ ಪ್ಲೇಟು. ಮೊದಲ ಗುದ್ದಿಗೇ ನನಗೆ ತಿಳಿಯಿತು. ಮುಳ್ಳಿನಲ್ಲಿ ಕೇಳಿ ಅಭ್ಯಾಸವಾಗಿದ್ದ ನನಗೆ ಉಕ್ಕಿನ ಸೂಜಿಯಲ್ಲಿ ಅದು ಅಷ್ಟು ಅಬ್ಬರಿಸುತ್ತದೆಂದು ಗೊತ್ತೇ ಇರಲಿಲ್ಲ. ಚಪ್ಪರದ ತುಂಬ ಕಹಳೆ. ತಲೆ ತಗ್ಗಿಸಿ ಕೂತು ಇದುವರೆಗೆ ಕೇಳಿಸದಿದ್ದ ಒಂದು ಸಣ್ಣ ಗಂಟೆಯ ದನಿಯನ್ನು ಹಿಂಬಾಲಿಸುತ್ತಿದ್ದೆ, ನನ್ನ ಮದುವೆ ಎಂಬುದನ್ನೂ ಮರೆತು. ನೆನಪಾದಾಗ ತಲೆ ಎತ್ತಿದೆ. ಪುರೋಹಿತರ ಮಂತ್ರ ಇನ್ನೂ ಮುಗಿದಿಲ್ಲ. ಗಂಡು ತಾಳಿಯ ದಾರ ಎರಡೂ ಕೈಯಲ್ಲಿ ಹಿಡಿದು ಅವರ ಮುಖ ನೋಡುತ್ತಿದ್ದಾರೆ. ಪ್ಲೇಟು ಆ ಖಾಲಿ ಜಾಗದ ಕಡೆಗೆ ಓಡುತ್ತಿದೆ. ಅದು ಅಲ್ಲಿ ಇದೆಯೆಂದು ಆ ಚಪ್ಪರದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಗಂಡನಿಗೆ ನಾನು ಆಡಿದ ಮೊದಲ ಮಾತು ಅದು.

“ಬೇಗ ಕಟ್ಟಿ,” ಎಂದೆ. “ನಿಂತೋಗುತ್ತೆ.”

ಅವರು ಗಾಬರಿಯಾಗಿ ಬಗ್ಗಿದರು. ಕೈ ಕುತ್ತಿಗೆಗೆ ತಾಗಿತು. ಎಲ್ಲ ವಾದ್ಯಗಳೂ ಬಾಯಿ ಮುಚ್ಚಿದವು. ಆ ನಿಶ್ಶಬ್ದದಲ್ಲಿ ಹಿತ್ತಲ ಒಲೆಯ ಕಡೆಯಿಂದ ಯಾರದೋ ದನಿ ಇಡೀ ಚಪ್ಪರಕ್ಕೆ ಕೇಳುವಂತೆ ಬಂತು: “ಉಪ್ಪಾಕಿದ್ರಾ ಸಾರಿಗೆ?”

ಆಮೇಲೆ ಕ್ಲಾರಿಯೋನೆಟ್.

ತಂಗಿ ಇದನ್ನು ಒಪ್ಪುವುದಿಲ್ಲ. ನೀನು ತಲೆಯನ್ನೇ ಎತ್ತಲಿಲ್ಲ ಕಣೇ, ಮಾತೆಲ್ಲಿ ಆಡಿದೆ, ಉಪ್ಪಿನ ಮಾತು ಬಂದದ್ದು ತಾಳಿ ಕಟ್ಟಿ ಎಷ್ಟೋ ಹೊತ್ತಿಗೆ ಎನ್ನುತ್ತಾಳೆ. ಗಂಡ ಮಾತ್ರ ಬೇಗ ಕಟ್ಟಿ ಎಂಬ ಮಾತನ್ನು ಹಿಡಿದು ಜನ್ಮವಿಡೀ ಕಾಡಿದರು. ಇಬ್ಬರಲ್ಲಿ ಯಾರನ್ನು ನಂಬಲಿ? ನನ್ನ ಪ್ರಕಾರ ಮೂರನೆಯ ಗಂಟು ಬಿದ್ದದ್ದು ನಿಶ್ಶಬ್ದದಲ್ಲಿ. ನನ್ನ ಪ್ರಕಾರ ಎನ್ನುವುದಕ್ಕೆ ಎಷ್ಟು ಬೆಲೆಯೋ ಅಷ್ಟು.

ಎಲ್ಲರೂ ಅತ್ತೆಯ ಮುಖ ನೋಡಿದರು. ಹಿಂದೊಮ್ಮೆ ಹಲ್ಲಿಯ ಶಕುನಕ್ಕೇ ಒಂದು ಸಂಬಂಧ ಬಿಟ್ಟವರೆಂದು ಅವರಿಗೆ ಹೆಸರಿತ್ತು.

“ಉಪ್ಪು ಅಂದ್ರೆ ಲಕ್ಷ್ಮಿ ಕಣಮ್ಮ,” ಎಂದರು ಅವ್ವನಿಗೆ. “ಆ ಮಾತು ಬರ್ಲಿ ಅಂತ ಪೆಟ್ಟಿಗೆ ಬಾಯ್ ಮುಚ್ಕಂಡು ದಾರಿ ಬುಟ್ಟದೆ ನೋಡು.”

ಎದ್ದು ಹೋದರು. ತಿರುಗುತ್ತಿದ್ದ ಪ್ಲೇಟನ್ನು ಮಾವನಿಂದ ತೆಗೆಸಿದರು. ಕಲಸಿದ ಅರಿಶಿನವನ್ನು ಮೂರು ಬೆರಳಿನಲ್ಲಿ ಎತ್ತಿ ಗೆರೆಗಳ ಮೇಲೆ ಅಡ್ಡಕ್ಕೆ ಎಳೆದರು, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಕಣ್ಣಿಗೊತ್ತಿಕೊಂಡರು. ಮಾವ ನನ್ನ ಕಡೆ ನೋಡಿದ. ಮದುಮಗಳು ನಾನು, ಏನೆನ್ನಲಿ? ಪ್ಲೇಟಿನ ಗೆರೆಯೆಂದರೆ ಅದರ ನಾಲಿಗೆ.

ಹೀಗೆ ಪೆಟ್ಟಿಗೆ ನನ್ನ ಜೊತೆ ಶಿರಾಕ್ಕೆ ಬಂತು. ಬೇಡವೆಂದಿದ್ದವರೇ ಗಾಡಿಯಲ್ಲಿ ಅದಕ್ಕೆ ಜಾಗ ಮಾಡಿಸಿದರು. ಉಳಿದ ಪ್ಲೇಟುಗಳೂ ಬಂದವು. ನನ್ನ ಆಸೆ ಪೂರಾ ನಡೆಯಿತೆಂದು ತವರಿನವರೆಲ್ಲ ನಗುತ್ತಿದ್ದರು. ಜಗಳದ ಪ್ಲೇಟು ಮಾತ್ರ ದೇವರ ಮನೆಗೆ ಹೋಯಿತು. ಅಲ್ಲಿ ದೀಪದ ಕಂಬದ ಪಕ್ಕ ಗೋಡೆಗೆ ಒರಗಿಸಿಟ್ಟರು. ಶುಕ್ರವಾರ ಶುಕ್ರವಾರ ಅರಿಶಿನ, ಕುಂಕುಮ, ಒಂದು ಹೂವು. ದಿನಾ ದೀಪದ ಕಾವು.

ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ ಬೇರೆ ಪ್ಲೇಟು ಹಾಕುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ. ಆದರೆ ಯಾವುದನ್ನೂ ಕೊನೆಯವರೆಗೆ ಕೇಳಲಾಗುತ್ತಿರಲಿಲ್ಲ. ಹುಳಿ ಪ್ಲೇಟು ಸಪ್ಪೆಯಾಗಿತ್ತು. ಮೆಟ್ಟಿಲು ಇಳಿಯುವವರು ಎಲ್ಲಿಗೂ ತಲುಪುತ್ತಿರಲಿಲ್ಲ. ಎದ್ದು ದೇವರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಪ್ಲೇಟಿನ ಒಂದು ಅಂಚು ದೀಪದ ಕಡೆಗೆ ಬಾಗಿದೆಯೋ, ನನ್ನ ಕಣ್ಣೇ ಬಾಗಿಸುತ್ತಿದೆಯೋ? ಪಕ್ಕಕ್ಕೆ ಸರಿಸಿ ಬರುತ್ತಿದ್ದೆ. ಮಾರನೆಯ ದಿನ ಅದು ಮತ್ತೆ ದೀಪದ ಪಕ್ಕದಲ್ಲೇ ಇರುತ್ತಿತ್ತು.

ಗಂಡನಿಗೆ ಹೇಳಿದೆ. “ಅದು ಅರಗಿನ ಥರದ್ದು. ಬಿಸಿಗೆ ಸೊಟ್ಟಗಾಗುತ್ತೆ. ಆಮೇಲೆ ಹಾಡಲ್ಲ.”

“ಅವ್ವಂಗೆ ನೀನೇ ಹೇಳು.”

“ನೀವು ಹೇಳಿ.”

“ತುಂಬಿದ ಚಪ್ಪರದಲ್ಲಿ ಬೇಗ ಕಟ್ಟಿ ಅಂದೋಳು ನೀನು. ಈಗ ನಾಚ್ಕೆನಾ?” ಎಂದು ನಕ್ಕು ಅಂಗಡಿಗೆ ಹೊರಟರು.

ಅತ್ತೆ ಕಳ್ಳಂಬೆಳ್ಳದಲ್ಲಿದ್ದ ತಮ್ಮ ಅಕ್ಕನನ್ನು ನೋಡಿಬರಲು ಹೋದ ದಿನ ದೇವರ ಮನೆಗೆ ನುಗ್ಗಿದೆ. ಪ್ಲೇಟು ತಂದು ಹಿತ್ತಲ ನೆರಳಿನಲ್ಲಿ ಕೂತೆ. ತಣ್ಣೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅರಿಶಿನ ಬಿಡಲಿಲ್ಲ. ಮುಳ್ಳಿನ ತುದಿಯಿಂದ ಗೆರೆ ಗೆರೆಯಾಗಿ ಸುತ್ತಿ ಸುತ್ತಿ ಬಿಡಿಸಿದೆ. ಕೊನೆಗೆ ಪೆಟ್ಟಿಗೆಯ ಮೇಲಿಟ್ಟು ಹಾಡಿಸಿದೆ. ಮುಳ್ಳಿನ ಮುಂದೆ ಕೆಂಪು ಧೂಳು ಏಳುತ್ತಿತ್ತು, ಊದಿ ಊದಿ ತೆಗೆದೆ. ಸರಾಗವಾಗಿ ಬರಲಿಲ್ಲ. ಕಹಳೆಗೆ ನೆಗಡಿ. ಗುಂಯ್ ಎನ್ನುವ ತಂತಿ ಇದೆಯೆಂದು ಗೊತ್ತಿದ್ದವರಿಗೆ ಮಾತ್ರ ಇತ್ತು. ಆದರೂ ಅವರು ಓಡಿದರು, ತಿರುವಿನಲ್ಲಿ ಬಂದು ನಿಂತರು. ಮೈಯೆಲ್ಲ ಕಿವಿಯಾಗಿ ಕೇಳಿದೆ ಎನ್ನಲಾರೆ. ಬಾಗಿಲ ಸಪ್ಪಳಕ್ಕೂ ಕಿವಿಯಿಟ್ಟಿದ್ದೆ. ಬಹುಶಃ ಅದಕ್ಕೇ ಅಷ್ಟು ಚೆನ್ನಾಗಿತ್ತು.

ಅದನ್ನು ನನ್ನ ಸೀರೆಗಳ ಪೆಟ್ಟಿಗೆಯಲ್ಲಿಟ್ಟೆ. ಯಾರೋ ದೊರೆ ಇಂಗ್ಲಿಷಿನಲ್ಲಿ ಭಾಷಣ ಮಾಡುವ ಒಂದು ಪ್ಲೇಟಿತ್ತು, ಕಟ್ಟಿನೊಳಗೆ ಹೇಗೋ ಸೇರಿ ಬಂದದ್ದು. ಅದಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ದೀಪದ ಪಕ್ಕ ಒರಗಿಸಿದೆ.

ಶುಕ್ರವಾರ ಅತ್ತೆ ಪೂಜೆಗೆ ಕೂತರು. ನಾನು ಹೂವಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಪ್ಲೇಟು ಎತ್ತಿಕೊಂಡರು, ಹಾಗೇ ಹಿಡಿದುಕೊಂಡು ಕೂತರು.

“ಇದು ನಾ ಹಚ್ಚಿದ್ದಲ್ಲ,” ಎಂದರು. “ನಾನು ಅಡ್ಡಕೆ ಎಳೀತೀನಿ. ಇದ್ನ ಗೋಡೆಗೆ ಸುಣ್ಣ ಬಳ್ದಂಗೆ ಬಳ್ದವ್ರೆ.”

ಪ್ಲೇಟನ್ನು ನನ್ನ ಕಡೆ ತಿರುಗಿಸಿ ಹಿಡಿದರು.

“ಎಲ್ಲೈತೆ ಅದು?”

“ನನ್ನ ಸೀರೆ ಪೆಟ್ಟಿಗೇಲಿ.”

“ಕೇಳಿದ್ರೆ ಕೊಡ್ತಿರಲಿಲ್ವಾ? ಪೂಜೆ ಆದ್ಮೇಲೆ ತಗಂಡೋಗಿ ಹಾಡ್ಸ್ಕ. ದೀಪ ಹಚ್ಚೋ ಹೊತ್ಗೆ ಇಲ್ಲಿಗ್ ತಂದ್ ಮಡುಗ್ಬುಡು. ಆಯ್ತಾ?”

ಒಪ್ಪಬಹುದಿತ್ತು. ಆ ಮನೆಯಲ್ಲಿ ಸೊಸೆಯೊಬ್ಬಳಿಗೆ ಅವರು ಅಷ್ಟು ಬಿಟ್ಟುಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದೆ.

“ಇಲ್ಲ ಅತ್ತೆ,” ಎಂದೆ. “ಅದಕ್ಕೆ ಅರಿಶಿನ ಆಗಲ್ಲ. ದೀಪಾನೂ ಆಗಲ್ಲ. ದೇವ್ರಿಗೆ ಇದಿರ್ಲಿ, ಅದು ನನ್ಹತ್ರ ಇರ್ಲಿ.”

“ಅಂದ್ರೆ ದೇವ್ರಿಗೆ ಯಾವ್ದಾದ್ರೂ ಆಯ್ತದೆ, ನಿಂಗೇ ಆಗಲ್ಲ ಅಂತೀಯ.”

“ಹೂಂ.”

ಅವರು ನನ್ನನ್ನು ನೋಡಿದರು. ಬೈಗುಳಕ್ಕೆ ಕಾದೆ, ಬರಲಿಲ್ಲ. ಕೈ ಚಾಚಿದರು. ತಟ್ಟೆಯನ್ನು ಮುಂದೆ ಹಿಡಿದೆ. ಒಂದು ಕಣಗಿಲೆ ಹೂವು ಆರಿಸಿ, ಆ ಇಂಗ್ಲಿಷ್ ಭಾಷಣದ ಮೇಲಿಟ್ಟು, ಕಣ್ಣು ಮುಚ್ಚಿದರು.

ನಾನು ಒಳಗೆ ಹೋಗಿ ಜಗಳದ ಪ್ಲೇಟನ್ನು ಗ್ರಾಮಫೋನಿನ ಮೇಲಿಟ್ಟೆ. ಕೀ ಕೊಟ್ಟೆ. ಇನ್ನು ಯಾರ ಸಪ್ಪಳಕ್ಕೂ ಕಿವಿಗೊಡಬೇಕಾಗಿಲ್ಲ, ಬಾಗಿಲು ನೋಡಬೇಕಾಗಿಲ್ಲ. ಮುಳ್ಳು ಇಳಿಸಲು ಕೈ ಬರಲಿಲ್ಲ, ಕದ್ದು ಕೇಳುವ ರುಚಿ ಅದರಿಂದ ಹೋಗಿತ್ತು. ಹೊರಗೆ ಅತ್ತೆಯ ಗಂಟೆಯ ಸದ್ದು ಮುಗಿಯುವವರೆಗೆ ನಿಂತಿದ್ದು, ಸೋದರಮಾವನಿಗೆ ಹೇಳಿಕಳಿಸಿದೆ, ದಂಡಿಗೆ ಹೋದಾಗ ಇನ್ನೊಂದು ಕಟ್ಟು ತರಬೇಕೆಂದು.