ಬೀಗ ಹಾಕುವ ಮುಂಚೆ ನಂಜುಂಡಪ್ಪನವರು ಕೇಳಿದ್ದು

ನಮ್ಮ ಕ್ರಾಸಿನ ಸಂಘಕ್ಕೆ ನಂಜುಂಡಪ್ಪನವರು ಅಧ್ಯಕ್ಷರು. ಸಿಟಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವರು. ರಿಟೈರಾಗಿ ಎಷ್ಟೋ ವರ್ಷವಾದರೂ ಆ ಗಂಟಲು ಹಾಗೇ ಇದೆ. ಮೀಟಿಂಗಿಗೆ ಬಂದವರು ಬಾಗಿಲಲ್ಲೇ ನಿಂತರೆ, "ಒಳಗೆ ಹೋಗ್ರೀ, ಮುಂದೆ ಖಾಲಿ ಐತೆ" ಅಂತ ಕೂಗುತ್ತಾರೆ. ಸಂಘದಲ್ಲಿ ಮನೆಗೊಂದು ವೋಟು. ನಮ್ಮ ಯಜಮಾನರು ಹೋದ ಮೇಲೆ ನಮ್ಮನೆ ಪರವಾಗಿ ಕೈ ಎತ್ತುವುದು ನನ್ನ ಪಾಲಿಗೆ ಬಂತು.

ಹೋದ ವರ್ಷ ಯುಗಾದಿ ಆದ ವಾರಕ್ಕೆ ಎದುರುಮನೆ ಅಲಮೇಲು ಕತ್ತಿನ ಸರವನ್ನು ಯಾರೋ ಕಿತ್ತುಕೊಂಡು ಹೋದರು. ಬೈಕಿನವರು ಕ್ರಾಸಿನ ಹಿಂದಿನ ಗೇಟಿನಿಂದ ಅತ್ತಿಗುಪ್ಪೆ ಕಡೆಗೆ ಪರಾರಿ. ಅವಳ ಗಂಡ ಪುರುಷೋತ್ತಮ, ರಿಟೈರ್ಡ್ ಇಂಜಿನಿಯರು, ಮೀಟಿಂಗ್ ಕರೆಸಿದರು. ಗೇಟಿಗೆ ಹಗಲೂ ರಾತ್ರಿ ಬೀಗ ಬೀಳಬೇಕು, ಕೀ ಹೊರಗಿನವರ ಕೈಗೆ ಹೋಗಬಾರದು ಅಂದರು. ಅಲಮೇಲು ಕತ್ತಿನ ಗೀರು ಇನ್ನೂ ಕೆಂಪಗಿತ್ತು. ನಾನೂ ಕೈ ಎತ್ತಿದೆ. ಬೇಕು ಅಂದವರು ಇಪ್ಪತ್ತೊಂದು, ಬೇಡ ಅಂದವರು ನಾಲ್ಕು.

ನಂಜುಂಡಪ್ಪನವರು ಸಂಘದ ಪುಸ್ತಕದಲ್ಲಿ ಬರೆಯಲಿಲ್ಲ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಹಿಂದಿನ ಬಾಗಿಲಲ್ಲಿ ಒಬ್ರು ಇನ್ನೂ ಮೆಟ್ಲು ಮೇಲವ್ರೆ. ನೋಡ್ದೆ ನಾನು ರೈಟ್ ಅನ್ನಲ್ಲ."

"ಯಾರ್ರೀ? ಎಲ್ರೂ ಕೂತಿದೀವಲ್ಲ."

"ಚಿಕ್ಕಲಕ್ಷ್ಮಮ್ಮ."

ಗೇಟಿನ ಆಚೆ ಹಳೇ ಊರಿನವಳು. ಗಂಡ ಮುನಿವೆಂಕಟಪ್ಪನಿಗೆ ಡಯಾಲಿಸಿಸ್. ವಾರಕ್ಕೆ ಮೂರು ಸಲ ಗಾಲಿಕುರ್ಚಿಯಲ್ಲಿ ಕೂರಿಸಿ ನಮ್ಮ ಕ್ರಾಸಿನಲ್ಲೇ ಆಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಾಳೆ.

"ಅವ್ರು ಮೆಂಬರ್ ಅಲ್ವಲ್ಲ ಸಾರ್. ವೋಟಾಯ್ತು. ಡೆಮಾಕ್ರಸಿ ಅಂದ್ರೆ ಇದೇ ತಾನೆ?" ಅಂದರು ಪುರುಷೋತ್ತಮ.

"ಇದೇ ಸಾರ್. ನೀವು ಹೇಳ್ದಂಗೇ ಆಗ್ಲಿ, ಬೀಗಾನೂ ನಾನೇ ತರ್ತೀನಿ. ಆದ್ರೆ ಕೈ ಎತ್ತಿದೋರಲ್ಲಿ ಒಬ್ರು ನಾಳೆ ಆ ಕುರ್ಚಿನ ಮೇನ್ ರೋಡ್ ಸುತ್ತಿ ತಳ್ಕೊಂಡ್ ಹೋಗ್ಲಿ. ಆಮೇಲೆ ಬರ್ಕೋತೀನಿ."

ಅಲಮೇಲುನೇ ಗಂಡನಿಗೆ ಅಂದಳು: "ಹೋಗ್ಬನ್ನಿ. ದಿನಾ ವಾಕಿಂಗ್ ಅಂತ ಪಾರ್ಕ್ ಬೆಂಚಲ್ಲಿ ಕೂರ್ತೀರಲ್ಲ."

ಮಾರನೆ ಬೆಳಿಗ್ಗೆ ಪುರುಷೋತ್ತಮ ಕುರ್ಚಿ ತಳ್ಳಿದರು. ಚಿಕ್ಕಲಕ್ಷ್ಮಮ್ಮನ ಜೊತೆ ನಾನೂ ಹಿಂದೆ ಹೋದೆ. ಫುಟ್‌ಪಾತಿನ ಕಲ್ಲು ಎದ್ದಿತ್ತು, ನಡುವೆ ಟ್ರಾನ್ಸ್‌ಫಾರ್ಮರು. ರಸ್ತೆಗಿಳಿದರೆ ಹಿಂದಿನಿಂದ ಬಸ್ಸಿನ ಹಾರನ್ನು. ಒಂದು ಕಡೆ ಗಾಲಿ ಹಳ್ಳಕ್ಕಿಳಿದು ಕುರ್ಚಿ ವಾಲಿತು. ಚಿಕ್ಕಲಕ್ಷ್ಮಮ್ಮ ಓಡಿಹೋಗಿ ಗಂಡನ ಭುಜ ಹಿಡಿದಳು. ಪುರುಷೋತ್ತಮರ ಅಂಗಿ ಬೆವರಲ್ಲಿ ತೊಯ್ದಿತ್ತು.

"ನಿಧಾನ ಸ್ವಾಮಿ," ಅಂದ ಮುನಿವೆಂಕಟಪ್ಪ. "ನೀವು ಬಿದ್ರೆ ಆಸ್ಪತ್ರೇಲಿ ನನ್ ಪಕ್ಕದ್ ಮಂಚ ಖಾಲಿ ಐತೆ."

ಕ್ರಾಸಿನಲ್ಲಾದರೆ ಹತ್ತು ನಿಮಿಷದ ದಾರಿ, ಮುಕ್ಕಾಲು ಗಂಟೆ ಹಿಡಿಯಿತು.

ಭಾನುವಾರ ಮತ್ತೆ ಮೀಟಿಂಗು. ಪುರುಷೋತ್ತಮರೇ ಎದ್ದರು. "ಬೀಗ ಇರ್ಲಿ. ಚಿಕ್ಕಲಕ್ಷ್ಮಮ್ಮಂಗೆ ಒಂದು ಕೀ ಕೊಡೋಣ" ಅಂದರು.

"ಹೊರಗಿನೋರಿಗೆ ಕೊಟ್ರೆ ಬೀಗ ಯಾತಕ್ರೀ?" ಅಂತ ಹಿಂದಿನಿಂದ ಯಾರೋ ಅಂದರು.

"ಕುರ್ಚಿ ಅವ್ರ ಮನೇಲೇ ಇದೆ. ನಾಳೆ ನೀವು ತಳ್ಳಿ ಬನ್ನಿ" ಅಂದರು ಪುರುಷೋತ್ತಮ.

ಇಪ್ಪತ್ತೈದು ಮನೆಯ ಕೈಗಳೂ ಎದ್ದವು. ನನ್ನದನ್ನಂತೂ ನಂಜುಂಡಪ್ಪನವರು ಕೇಳುವ ಮುಂಚೆಯೇ ಎತ್ತಿದ್ದೆ. ಅವರು ಎರಡು ಸಲ ಎಣಿಸಿ ಬರೆದುಕೊಂಡರು.

ಚಿಕ್ಕಲಕ್ಷ್ಮಮ್ಮ ಕೀಯನ್ನು ತಾಳಿದಾರಕ್ಕೆ ಕಟ್ಟಿಕೊಂಡಳು. ಮೊದಲ ದಿನ ಗಂಡನನ್ನು ಈಚೆಗೆ ತಂದು ನಿಲ್ಲಿಸಿ, ಹಿಂದಿರುಗಿ ಬೀಗ ಹಾಕಿ, ಜಗ್ಗಿ ನೋಡಿದಳು. ಸಾಲದು ಅಂತ ಇನ್ನೊಂದು ಸಲ ಜಗ್ಗಿದಳು. ಮಹಡಿ ಮೇಲೆ ಬಟ್ಟೆ ಹರವುತ್ತಿದ್ದ ಅಲಮೇಲು ನನ್ನ ಕಡೆ ನೋಡಿ ನಕ್ಕಳು.

"ನೋಡಿದ್ರಾ ಅಕ್ಕ, ನಮ್ಮೋರಿಗಿಂತ ಗಟ್ಟಿಯಾಗಿ ಹಾಕ್ತಾಳೆ!"